ಬರಿಗೈಲೆ ಮುಟ್ಟಬ್ಯಾಡ್ರಿ

…ಅಲ್ಲೋ ನೋಮಾನ್, ನಗೂದೇನದ ಇದರಾಗ? ಶಹಾಬಜಾರದಿಂದ ಕಪನೂರದಾಗಿನ ನಿನ್ನ ವರ್ಕಶಾಪ ತನಕ ಈ ಗೋಣಿಚೀಲ ತೊಡಿಮ್ಯಾಲ ಇಟ್ಕೊಂಡು ಆಟೋದಾಗ ಬಂದೀನಿ, ಈ ವಯಸ್ಸಿನ್ಯಾಗ. ನೋಡು ಸೀರಿ ಹ್ಯಾಂಗಾಗ್ಯದ. ಥೂ, ಮಸಿ, ಎಣ್ಣಿ, ಅದೇನೋ ಸುಟ್ಟ ನಾತ. ಮನಿಗೆ ಹೋದಕೂಡಲೇ ತಲಿಮ್ಯಾಲ ನೀರು ಹಾಕ್ಕೋಬೇಕು. ಕೂಡ್ರಿ ಅಂತಿ, ಎಲ್ಲಿ ಕೂಡ್ಲಿ? ಆ ಸ್ಟೂಲಿನ ಮ್ಯಾಲ ಯಾರೋ ಗುಟ್ಕಾ ಉಗುಳ್ಯಾರ… ಗ್ರೀಸ್ ಅದು? ಗ್ರೀಸೋ ಗುಟ್ಕಾನೋ, ನನಗ ಎರಡೂ ಒಂದೇ. ನಿಂತೇ ಇರ್ತೀನಿ. ಚಾ ಬ್ಯಾಡಪಾ. ನಾ ಹೊರಗ ಚಾ ಕುಡಿಯಂಗಿಲ್ಲ, ನಿಮ್ಮವ್ವ ನೂರಜಹಾನಳಿಗೂ ಗೊತ್ತದ. ಸಾಲಿ ಬಿಟ್ಟಮ್ಯಾಲ ನಮ್ಮ ಅಂಗಳದಾಗ ನನ್ನ ಮಗಾ ಸುಜಯೀಂದ್ರನ ಜೋಡಿ ಗೋಲಿ ಆಡಾಕ ಬರ್ತಿದ್ದೆಲ್ಲ, ಅವಾಗಿಂದ ನೀನೂ ನೋಡಿದ್ದಿ. ಬೇಜಾರ ಮಾಡ್ಕೋಬ್ಯಾಡ.

ಬಿಚ್ಚು, ಬಿಚ್ಚಿ ನೋಡು. ನಿನ್ನ ಕೈಲೇ ಆದ ಕೆಲಸ. ಸುಜಯೀಂದ್ರನ ಅಪ್ಪನ ಜಿಪ್ಸಿ ಗಾಡಿದು, ಹೆಡರ್ ಅಂತೀರಲ್ಲ ನೀವು, ಇಂಜಿನ್ನಿನ ಬಿಸಿ ಹೊಗಿ ಹೊರಗ ಹೋಗೋ ಕೊಳವಿ. ಹೆಸರು ಸೈತ ನನಗ ಬಾಯಿಪಾಠ ಆಗ್ಯದ. ದಸರಾಕ್ಕಿಂತ ಮೊದಲು ದಿನಾ ಊಟಕ್ಕ ಕೂತಾಗ ಅಂವಂದು ಅದೇ ಪುರಾಣ. ತುಕ್ಕು ತಿಂದಿತ್ತವ್ವಾ, ನೋಮಾನ್ ಮಶೀನಲೆ ಉಸುಕು ಹೊಡದು ಸಾಫ್ ಮಾಡಿದಾ, ಮ್ಯಾಲ ಸೆರಾಮಿಕ್ ಕೋಟಿಂಗ್ ಹೊಡದು ಭಟ್ಟಿಯೊಳಗ ಸುಟ್ಟಾ, ಇನ್ನ ವರ್ಷಾನುಗಟ್ಟಲೆ ತುಕ್ಕಿನ ಮಾತಿಲ್ಲ, ಇಂಜಿನ್ನಿನ ಕಾವು ಬಾನೆಟ್ಟಿನ್ಯಾಗ ಹರಡಂಗಿಲ್ಲ… ನಾ ಸಾರು ಬಡಸಾಕತ್ತಿದ್ದರ ಅಂವಗ ಕೊಳವಿ ಧ್ಯಾನ. ಪಾಲಿಟೆಕ್ನಿಕ್‌ನ್ಯಾಗ ಪಾಠ ಹೇಳೋ ಮನಶ್ಯಾ, ಮಕ್ಕಳ ಮುಂದ ಹೇಳಬಾರದೇನು ಅದನ್ನ?

ಮತ್ತ ಅದರ ಮಡಿ ಏನು ಕೇಳ್ತಿ. ಬರಿಗೈಲೆ ಮುಟ್ಟಬ್ಯಾಡ್ರಿ, ಬೆರಳಿನ ಎಣ್ಣಿ ಹತ್ತತದ, ಮೊದಲನೇ ಸಲ ಬಿಸಿ ಆದಾಗ ಆ ಕಲಿ ಸುಟ್ಟು ಒಳಗ ಕೂತುಬಿಡ್ತದ, ಆಮ್ಯಾಲ ಬ್ರಹ್ಮ ಬಂದರೂ ಹೋಗಂಗಿಲ್ಲ ಅಂತ. ಕೈಗೆ ರಬ್ಬರ ಚೀಲ ಹಾಕ್ಕೊಂಡು ಕೂಡಿಸಿದಾ, ಸ್ಪಿರಿಟ್ ಹಚ್ಚಿ ಒರಸಿದಾ. ತೊಳಿಯೋದಿದ್ದರ ತಣ್ಣಗಾದಮ್ಯಾಲ ಸಾಬಾಣ ನೀರು, ಮೆತ್ತನ ಅರಿವಿ, ಅಷ್ಟೇ. ಬಿಸಿ ಇದ್ದಾಗ ನೀರು ಬಿದ್ದರ ಬಿರಕ ಬಿಡ್ತದ ಅಂತ. ನಮ್ಮತ್ತಿ ಚಾತುರ್ಮಾಸದ ಮಡಿಯೊಳಗ ಇದ್ದಾಗ ಸೈತ ನಾವು ಇಷ್ಟು ದೂರ ಸರದು ನಿಂತಿಲ್ಲ. ನೀನೇ ಹೇಳಿಕಳಸಿದ್ದಿ ಹೌದಲ್ಲ ಇದನ್ನೆಲ್ಲಾ? ಹಂಗಾದರ ನಿನಗೂ ಒಂದು ಪಂಚಪಾತ್ರಿ ಕೊಡಸ್ತೀನಿ ತಡಿ, ನಮ್ಮ ಆಚಾರ್ಯರಕಿಂತ ಬರೋಬ್ಬರಿ ಮಡಿ ಹೇಳ್ತಿ.

ಈಗ ನೋಡು. ಹೇಸಿಗಿ ಬರ್ತದ. ಹುರುಕು ಹತ್ತಿದ ನಾಯಿ ಮೈ ಇದ್ದಂಗ ಆಗ್ಯದ.

ಯಾರು ಮಾಡಿದ್ದು ಅಂದ್ರ? ಯಾರು ಮಾಡ್ತಾರ, ನನ್ನ ಸೊಸಿ. ಮಲ್ಲಿಕಾ. ಹೌದು, ಕಮಲಾಪುರದಾಕಿ, ತೊಗರಿ ಅಡತಿ ಅಂಗಡಿ ಮಲ್ಲಣ್ಣನ ಮಗಳು. ಸುಜಯೀಂದ್ರ ತಾನೇ ನೋಡಿ ಮಾಡ್ಕೊಂಡದ್ದು, ನಾ ಏನೂ ಅನ್ನಲಿಲ್ಲ. ಅವರು ವಿಭೂತಿ ಮಂದಿ, ನಾವು ಗೋಪಿಚಂದನ ಮಂದಿ, ಇರಲಿ ಅಂದೆ. ಆದರ ಆಕಿ ಎಲ್ಲಾದಕ್ಕೂ ವಿಭೂತಿ ಬಡಿತಾಳೋ. ಸ್ಕೂಟರಿಗೆ ಮೂರು ಗೆರಿ. ಮಿಕ್ಸರಿಗೆ ಮೂರು ಗೆರಿ. ವಾಶಿಂಗ್ ಮಶೀನಿಗೆ… ನಗಬ್ಯಾಡ, ಖರೇನೇ ಹೇಳಾಕತ್ತೀನಿ. ತೌರುಮನಿಯವರು ಬಂದರಂದ್ರ ಕೆಂಪು ಬಾಳಿಹಣ್ಣಿನ ಗೊನಿನೇ ಹೊತ್ಕೊಂಡು ಬರೋದು, ಅವು ನಡಮನ್ಯಾಗ ಕೊಳತು ನೊಣ ಗುಂಯ್ ಅಂತಾವ. ಬಾಳಿಹಣ್ಣಿನ ಹೆಸರು ಹೇಳಿದರ ಥೂ ಅಂತೀನಿ ಈಗ.

ಖಂಡೇನವಮಿ, ಆಯುಧಪೂಜಿ ದಿವಸದ ಮಾತು. ಹಿಂದಿನ ದಿನಾನೇ ಇದನ್ನ ಗಾಡಿಗೆ ಕೂಡಿಸಿದ್ದಾ ನಮ್ಮಂವ. ಮುಹೂರ್ತಕ್ಕೇ ಮೊದಲನೇ ಸಲ ಚಾಲೂ ಮಾಡಬೇಕು ಅಂತ ಹಠ. ನನ್ನ ಮೈದುನ ಆನಂದತೀರ್ಥ, ಮಠದಾಗ ಪೂಜಿ ಮಾಡ್ತಾನಲ್ಲ, ಅಂವನೂ ಬಂದಿದ್ದಾ. ಹೂವಿನ ಸರ ಹಾಕಿದ್ರು, ನಿಂಬೆಹಣ್ಣು ಇಟ್ಟರು, ಮಲ್ಲಿಕಾ ಆರತಿ ತಾಟು ಹಿಡಕೊಂಡು ನಿಂತಿದ್ದಳು. ಅಂವ ಚಾವಿ ತಿರುವಿದಾ. ಜರಾ ಹೊತ್ತು ಛಂದ ಇತ್ತು, ಆವಾಜ ಸೈತ ಮೊದಲಿನಂಗ ಬರಾಕತ್ತಿತ್ತು, ನಮ್ಮನಿಯವರು ಇದ್ದಾಗ ಬರ್ತಿತ್ತಲ್ಲ ಹಂಗ. ಆಮ್ಯಾಲ ಬಾನೆಟ್ಟಿನ ಸಂದಿಯೊಳಗಿಂದ ಹೊಗಿ. ಎಣ್ಣಿ ಸುಟ್ಟ ನಾತ, ಅರಿಶಿನ ಸುಟ್ಟ ನಾತ. ಬಂದ್ ಮಾಡಿ ಬಾನೆಟ್ ಎತ್ತಿ ನೋಡಿದರ, ಕೊಳವಿ ಮ್ಯಾಲ ಎಣ್ಣಿ ಹರದು ಕರ್ರಗ ಬುರುಬುರು ಕುದಿಯಾಕತ್ತದ.

ಒದರ್ಯಾನ ನೋಡು ಅಂವ. ಅವರಪ್ಪ ಜೀವಮಾನದಾಗ ಹಂಗ ಒದರಿಲ್ಲ. ಎಣ್ಣಿ ಅರಿಶಿನ ಯಾರು ಬಳದಿದ್ದು ಇದಕ್ಕ ಅಂತ. ಮತ್ತ ಮಲ್ಲಿಕಾನ ಕಡಿ ತಿರುಗಿ… ನಿಮ್ಮ ಮಂದಿಗೆ ಕಂಡಕಂಡಲ್ಲೆ ಬಳಿಯೋದೊಂದೇ ಗೊತ್ತು, ಎಷ್ಟು ಹೇಳಿದರೂ ಹಳ್ಳಿ ಬುದ್ಧಿ ಹೋಗಂಗಿಲ್ಲ ಅಂದಾ. ಎಲ್ಲಾರ ಮುಂದ ಅಂದಾ. ಆಕಿ ಏನೂ ಅನ್ನಲಿಲ್ಲ. ಅಂದಿದ್ದರ ಒಂದು ಮಾತು, ಜಗಳ ಆಗಿ ಹೋಗಿಬಿಡ್ತಿತ್ತು. ತಾಟು ಕೆಳಗಿಟ್ಟಳು. ಮರುದಿವಸ ದಸರಾ, ಬನ್ನಿ ಎಲಿ ಕೊಟ್ಟು, ಚೀಲ ತೊಗೊಂಡು ಕಮಲಾಪುರಕ್ಕ ಹೋದಾಕಿ, ಇನ್ನ ಬಂದಿಲ್ಲ. ಅಂವನೂ ಫೋನ್ ಮಾಡಂಗಿಲ್ಲ. ತಾಟಿನ ಮುಂದ ಕೂತು ಅನ್ನ ಕಲಸಿ ಕಲಸಿ ಎದ್ದು ಹೋಗ್ತಾನ.

ನಾಳಿ ಬರ್ತಾಳ. ಮಲ್ಲಣ್ಣ ತಾನೇ ಕರಕೊಂಡು ಬರ್ತಾನಂತ. ದೊಡ್ಡ ಮನಶ್ಯಾ ಪಾಪ, ಫೋನ್ ಮಾಡಿ, ಮಗಳು ತಪ್ಪು ಮಾಡ್ಯಾಳ ಅಂದ್ರ ನಿಮ್ಮೆಲ್ಲಾರ ಮುಂದ ತಪ್ಪಾತು ಅನ್ನಸ್ತೀನ್ರಿ ಪಾರ್ವತೀಬಾಯಿ ಅಂದಾ. ಆನಂದತೀರ್ಥನೂ ಬರ್ತಾನ. ಆಕಿ ಒಂದು ಮಾತು ತಪ್ಪಾತು ಅಂದಳಂದ್ರ ಮುಗೀತು. ಮಗನ ಸಂಸಾರ ಸರಿ ಆಗ್ತದ. ಅದಕ್ಕೇ ಅಂತೀನಿ, ನಾಳಿ ಅಷ್ಟೊತ್ತಿಗೆ ಇದು ಹೊಸಾದು ಆಗಿರಬೇಕು. ಇದನ್ನ ನೋಡಿದರ ಅಂವಗ ಮತ್ತ ತಲಿ ಕೆಡ್ತದ. ಉಸುಕಿನ ಮಶೀನ ಹಚ್ಚು, ಹಳೇದೆಲ್ಲಾ ತಗದು ಒಗಿ, ಮತ್ತ ಹೊಡಿ ಬಣ್ಣ.

ಅಂವ ಕಳಸ್ಯಾನ ನನ್ನ, ಮತ್ತ್ಯಾರು? …ತಾನೇ ಐತವಾರ ತರ್ತೀನಿ ಅಂದಿದ್ದನೇನು ನಿನಗ? ಅಂದಿರಬೇಕು. ಗಾಡಿಯಿಂದ ಬಿಚ್ಚಿಟ್ಟಾ, ಆಮ್ಯಾಲ ಕೆಲಸ ಬಿತ್ತು ಅಂವಗ. ಯಾರು ತಂದರೇನು, ಕೊಳವಿ ಅದೇ ಹೌದಲ್ಲ.

ಏನು ನೋಡಾಕತ್ತಿ ಅಷ್ಟು ಹತ್ತರ ಹಿಡದು? …ಗೀರು? ಹೌದು, ಗೀರು ಬಿದ್ದಾವ. ಆಕಿನೇ ತಿಕ್ಕಿರಬೇಕು. ಕಲಿ ಹೋಗವಲ್ದು ಅಂತ ಹುಣಸಿಹಣ್ಣು ಹಚ್ಚಿ, ರಂಗೋಲಿ ಪುಡಿ ಹಾಕಿ ಗಸಗಸ ತಿಕ್ಕ್ಯಾಳ. ಹಿತ್ತಾಳಿ ಸಾಮಾನು ಅಂದ್ಕೊಂಡಳೋ ಏನೋ. ಹುಳಿ ಬಿದ್ದು ಅಲ್ಲಿ ಬಣ್ಣಾನೇ ತಿಂದುಬಿಟ್ಟದ. ಮೂರ್ಖತನಕ್ಕೂ ಒಂದು ಮಿತಿ ಇರಬೇಕು. ಹಿತ್ತಾಳಿ ತಿಕ್ಕೋದಾದರೂ ಗೊತ್ತದೇನು ಆಕಿಗೆ? ಅವರ ಮನ್ಯಾಗ ಎಲ್ಲಾ ಸ್ಟೀಲು. ನಮ್ಮ ದೇವರ ಸಾಮಾನು ಒಂದು ದಿವಸ ಆಕಿ ಕೈಯಾಗ ಕೊಟ್ಟಿಲ್ಲ, ಹುಣಸಿಹಣ್ಣು ನೆನಿಯಾಕ ಹಾಕೋದು, ತಿಕ್ಕೋದು, ತೊಳಿಯೋದು ಎಲ್ಲಾ ನಾನೇ…

ಯಾಕ, ಯಾಕ ನನ್ನ ಕೈ ನೋಡಾಕತ್ತಿ?

ನೋಡಿ ಕಲತಿರಬೇಕಪಾ. ಒಂದೇ ಮನಿ ಅಲ್ಲೇನು. ಸೊಸಿ ಅತ್ತಿನ್ನ ನೋಡೇ ಕಲಿತಾಳ. ನನ್ನ ಕೈ ಹಿಂಗಿರೋದು ನಲವತ್ತು ವರ್ಷ ಹುಣಸಿಹಣ್ಣು ಹಿಚುಕಿ ಹಿಚುಕಿ. ನಿನ್ನ ಕೈ ಏನು ಭಾಳ ಛಂದ ಅದ? ಉಗುರೊಳಗ ಆ ಕರ್ರಂದು ನೋಡು, ಅದೇ ಕೈಲೆ ರೊಟ್ಟಿ ಮುರೀತಿ. ಥೂ.

ಮತ್ತೊಂದು ಹೇಳ್ತೀನಿ, ಸಂಶೇನೇ ಬ್ಯಾಡ ನಿನಗ. ಕೊಳವಿಗೆ ಹತ್ತಿದ್ದು ಅರಿಶಿನ. ಎಣ್ಣಿಯೊಳಗ ಕಲಸಿದ ಪೂಜಿ ಅರಿಶಿನ. ನಮ್ಮನಿಯವರು ಹೋದ ದಿವಸದಿಂದ ನಾ ಅದನ್ನ ಮುಟ್ಟೂ ಹಂಗಿಲ್ಲ. ಸಾರಿಗೆ ಹಾಕೋ ಅರಿಶಿನ ಬ್ಯಾರೆ, ಆರತಿ ತಾಟಿನ್ಯಾಗಿನ ಅರಿಶಿನ ಬ್ಯಾರೆ. ಮಂಗಳ ಕೆಲಸಕ್ಕ ನಾ ಎದುರು ಸೈತ ಬರಂಗಿಲ್ಲ, ಬಾಗಲ ಹಿಂದ ನಿಂತು ನೋಡ್ತೀನಿ. ಮನ್ಯಾಗ ಮುತ್ತೈದಿ ಅಂದ್ರ ಆಕಿ ಒಬ್ಬಾಕಿ. ಮತ್ತ ಯಾರ ಕೈ ಆಗಿರಬೇಕು? ಹೇಳು ನೀನೇ. ಸುಜಯೀಂದ್ರನೂ ಅದನ್ನೇ ಅಂದಾ, ಆನಂದತೀರ್ಥನೂ ಅದನ್ನೇ ಅಂದಾ. ಯಾರೂ ನನ್ನ ಕಡಿ ತಿರುಗಿ ಸೈತ ನೋಡಲಿಲ್ಲ. ಗಂಡ ಸತ್ತಾಕಿ ಅಂದ್ರ ಅಷ್ಟೇ ನೋಡು, ತಪ್ಪು ಮಾಡಾಕೂ ಲಾಯಕ್ಕಿಲ್ಲ.

…ಏಯ್, ಅದೇನು ಹಚ್ಚಾಕತ್ತಿ? ಥಿನ್ನರ? ಯಾಕ? ಒರಸೋದು ಬ್ಯಾಡೋ. ಉಸುಕೇ ಹೊಡಿಯೋದಿದ್ದ ಮ್ಯಾಲ ಒರಸಿ ಏನ್ ಮಾಡಾಂವ? …ಎಣ್ಣಿ ಇದ್ದರ ಉಸುಕು ಅಂಟತದ ಅಂತೀ. ಅಂಟಲಿ ಬಿಡು. ಮೂಗು ಸುಟ್ಟುಹೋಗ್ತದಲ್ಲೋ ಆ ವಾಸನಿಗೆ. ಬ್ಯಾಡ ಅಂದೆನಲ್ಲ ನೋಮಾನ್, ಸಾಕು, ಬಿಡು…

ಏನು. ಬೆಳಕಿಗೆ ಯಾಕ ಹಿಡದಿ? ಏನದ ಅಲ್ಲಿ? ಕಲಿ ಅದ. ಕಂದು ಕಲಿ.

ಅಕ್ಷರ ಇಲ್ಲ, ಏನಿಲ್ಲ. ನಿನಗ ಹಂಗ ಕಾಣಸ್ತದ. ಗ್ವಾಡಿ ಮ್ಯಾಲ ನೀರು ಸೋರಿದ ಕಲಿ ನೋಡಿದರೂ ಆನಿ ಕಂಡಂಗ ಆಗ್ತದ, ಹಂಗ.

…ಶ್ರೀ ಆಗಿದ್ದರ ಆಗಿರಲಿ. ಪೂಜಿ ಮಾಡೋರು ಶ್ರೀ ಬರಿಯಂಗಿಲ್ಲೇನು? ಬರದಿರಬೇಕು ಮಲ್ಲಿಕಾ. ಹಿಂದಿ ಅಕ್ಷರದಾಗ ಅದ ಅಂದ್ರ… ಸಾಲ್ಯಾಗ ಹಿಂದಿ ಕಲತಿಲ್ಲೇನು ಆಕಿ? ನೀ ಕಲತಿ, ಆಕಿನೂ ಕಲತಾಳ. ಅದರಾಗೇನು ದೊಡ್ಡದು?

ಹಿಂದಿ ಅಲ್ಲ ಅದು. ಮರಾಠಿ. ಬಾಳಬೋಧ ಅಂತೀವಿ ನಾವು. ನನ್ನ ತೌರುಮನಿ ಸೊಲ್ಲಾಪುರ, ನನ್ನ ಸಾಲಿಯೆಲ್ಲಾ ಅದರಾಗೇ ಆಗ್ಯದ. ಕನ್ನಡ ಓದ್ತೀನಿ, ಬರಿಯಾಕ ಕೂತರ ಕೈ ಬಾಳಬೋಧಕ್ಕೇ ಹೋಗ್ತದ. …ಏನಂದಿ? ಸಣ್ಣಂವ ಇದ್ದಾಗ ಇಂಥಾದೇ ಶ್ರೀ ನೋಡಿದ್ದಿ? ಜಿಪ್ಸಿ ಬಾನೆಟ್ಟಿನ ಮ್ಯಾಲ? ಪೂಜಿ ಪೇಢೆ ತಿಂದದ್ದೂ ನೆನಪದ? ಇರ್ತದ, ಇರ್ತದ. ಪೇಢೆ ನೆನಪಿರ್ತದ ನಿಮಗ. ಪ್ರತಿ ಖಂಡೇನವಮಿಗೆ ನಾನೇ ಬರೀತಿದ್ದೆ. ಅವರು ಅರಿಶಿನದ ಬಟ್ಟಲ ಹಿಡಕೊಂಡು ನಿಂತಿರ್ತಿದ್ರು. ಪಾರ್ವತೀಬಾಯಿಯವರು ಸಹಿ ಹಾಕಲಾರದ ಗಾಡಿ ಗೇಟು ದಾಟಂಗಿಲ್ಲ ಅಂತ ಚಾಷ್ಟಿ ಮಾಡ್ತಿದ್ರು. ಆದರ ಅದು ಅವರು ಇದ್ದಾಗ. ಈಗಿನ ಮಾತಲ್ಲ.

ಸಾಕು ಮಾತು. ಎದ್ದೇಳು, ಮಶೀನ ಹಚ್ಚು.

…ಹಚ್ಚೋ. ಕರೆಂಟ್ ಅದ, ಫ್ಯಾನ್ ತಿರುಗಾಕತ್ತದ, ಸುಳ್ಳ ಹೇಳಬ್ಯಾಡ. ಒಂದು ಸಲ ಉಸುಕು ಹೊಡದಿ ಅಂದ್ರ ಶ್ರೀ ಇಲ್ಲ ಏನಿಲ್ಲ, ಬೆಳ್ಳಗ ಕಬ್ಬಿಣ. ಯಾರಿಗೂ ಏನೂ ತಿಳಿಯಂಗಿಲ್ಲ. ನಾಳಿ ಆಕಿ ಬಂದು ಒಂದು ಮಾತು ತಪ್ಪಾತು ಅಂತಾಳ, ಆಕಿ ಬಾಯೇನು ಸವದುಹೋಗಂಗಿಲ್ಲ. ಸಣ್ಣಾಕಿ. ಸಣ್ಣೋರು ದೊಡ್ಡೋರಿಗೆ ತಪ್ಪಾತು ಅಂದ್ರ ಆಯುಷ್ಯ ಏನು ಕಮ್ಮಿ ಆಗ್ತದ?

ಯಾಕ ಸುಮ್ಮನ ಕೂತಿ? ಏನರ ಅನ್ನು.

ನೋಡಬ್ಯಾಡ ಹಂಗ. ನೋಮಾನ್, ನನ್ನ ಕೈಲೆ ಚಕ್ಲಿ ತಿಂದು ಬೆಳದಾಂವ ನೀ, ನೀನೂ ಹಂಗ ನೋಡಬ್ಯಾಡ. ಆಕಿನೂ ಹಿಂಗೇ ನೋಡಿದ್ದಳು. ಇಷ್ಟೇ ಸುಮ್ಮನ. ಬೈದಿದ್ದರ ತಡಕೋತಿದ್ದೆ. ಬೈಸ್ಕೊಂಡು ರೂಢಿ ಅದ ನನಗ. ಈ ಸುಮ್ಮನಿರೋದು… ಇದು ಎಲ್ಲಿಂದ ಕಲ್ತೀರಿ ನೀವು?

ಬಾನೆಟ್ಟಿನ ಮ್ಯಾಲ ಬರದರ ಎಲ್ಲಾರೂ ನೋಡ್ತಾರ. ಆನಂದತೀರ್ಥ ನೋಡ್ತಾನ, ಓಣಿ ನೋಡ್ತದ. ಒಳಗ ಕೊಳವಿ ಮ್ಯಾಲ ಬರದರ ಯಾರು ನೋಡ್ತಾರ ಅಂದ್ಕೊಂಡೆ. ಗಾಡಿ ಎಷ್ಟೋ ವರ್ಷ ಸತ್ತು ಬಿದ್ದಿತ್ತು, ಮತ್ತ ಎದ್ದು ನಿಂತದ, ನಾ ಬರಿಲಾರದ ಹ್ಯಾಂಗ ಹೊರಡ್ತದ ಅನಿಸ್ತು. ಬರಿಗೈಲೆ ಮುಟ್ಟಬ್ಯಾಡ್ರಿ ಅಂದದ್ದು ನೆನಪಿತ್ತು. ಇಲ್ಲ ಅನ್ನಂಗಿಲ್ಲ, ನೆನಪಿತ್ತು. ಮುಟ್ಟಬ್ಯಾಡ ಮುಟ್ಟಬ್ಯಾಡ ಅಂತ ಮನಿತುಂಬ ಕೇಳಿ ಕೇಳಿ ನನಗ ಹೇಸಿಗಿ ಬಂದುಬಿಟ್ಟದ. ಕುಂಕುಮ ಮುಟ್ಟಬ್ಯಾಡ, ಹೂವು ಮುಟ್ಟಬ್ಯಾಡ, ಈಗ ಒಂದು ಹೊಗಿ ಕೊಳವಿನೂ ಮುಟ್ಟಬ್ಯಾಡ. ಸುಜಯೀಂದ್ರ ಸ್ನಾನಕ್ಕ ಹೋಗಿದ್ದಾ. ಎಣ್ಣಿ ಅರಿಶಿನದ ಬಟ್ಟಲದಾಗ ಬೆರಳ ಅದ್ದಿದೆ, ಬಾನೆಟ್ ಎತ್ತಿದೆ, ಬರದೆ. ಬರದು ತಿರುಗಿದರ ಮಲ್ಲಿಕಾ ನಿಂತಾಳ, ಕೈಯಾಗ ಆರತಿ ತಾಟು.

ನನ್ನ ಬೆರಳ ನೋಡಿದಳು. ಹಳದಿ ಇತ್ತು. ನಾ ಸೆರಗಿಲೆ ಒರಸ್ಕೊಂಡೆ. ಆಕಿ ಬಾನೆಟ್ ತಾನೇ ಸಾವಕಾಶ ಮುಚ್ಚಿದಳು, ಆವಾಜ ಬರಲಾರದಂಗ. ಅಷ್ಟೇ.

ಆಮ್ಯಾಲ ಮಗಾ ಒದರಾಕತ್ತಿದಾ. ನಾ ಬಾಗಲ ಹಿಂದ ನಿಂತಿದ್ದೆ. ನಾ ಅಲ್ಲ ಅಂತ ಆಕಿ ಒಂದು ಮಾತು ಅಂದಿದ್ದರ ಸಾಕಿತ್ತು, ಎಲ್ಲಾರೂ ನನ್ನ ಕಡಿ ತಿರುಗಿ ನೋಡ್ತಿದ್ರು. ಆನಂದತೀರ್ಥ ಸುಮ್ಮನಿರ್ತಿದ್ದನೇನು? ವಿಧವಿ ಆಗಿ ಅರಿಶಿನ ಮುಟ್ಟ್ಯಾಳ, ಅದಕ್ಕೇ ಹೊತ್ತಿ ಉರೀತು ಅಂತ ಊರೆಲ್ಲಾ ಹೇಳ್ತಿದ್ದಾ. ಆಕಿಗೆ ಅದು ಗೊತ್ತಿತ್ತು. ನನ್ನ ಕಡಿ ಒಂದೇ ಸಲ ನೋಡಿದಳು, ಆಮ್ಯಾಲ ತಲಿ ಕೆಳಗ ಹಾಕ್ಕೊಂಡು ಬೈಸ್ಕೊಂಡಳು. ನನ್ನ ಹೊಟ್ಟ್ಯಾಗ ಹುಟ್ಟಿದಂವನ ಕಡಿಂದ, ನನ್ನ ಬದಲಿ ಬೈಸ್ಕೊಂಡಳು. ಮಧ್ಯಾಹ್ನ ಎಲ್ಲಾರೂ ಮಲಗಿದಾಗ ನಾನೇ ಹುಣಸಿಹಣ್ಣು ತೊಗೊಂಡು ಹೋದೆ. ಅದಕ್ಕೂ ಆಕಿಗೇ ಬೈದಾ.

ಮರುದಿವಸ ಬನ್ನಿ ಕೊಟ್ಟಳು ಅಂದೆನಲ್ಲ. ಕಾಲಿಗೆ ಬಿದ್ದು ಕೊಟ್ಟಳು. ಬನ್ನಿ ತೊಗೊಂಡು ಬಂಗಾರದಂಗ ಇರೋಣ್ರೀ ಅತ್ತಿ ಅಂದಳು. ನಾ ಏನಂದೆ ಗೊತ್ತದೇನು? ಹೂಂ ಅಂದೆ. ಥೂ… ಆಕಿಗೆ ಅಲ್ಲೋ ಥೂ ಅಂದದ್ದು. ಬಾಳಿಹಣ್ಣಿಗೂ ಅಲ್ಲ, ನಿನ್ನ ಸ್ಟೂಲಿಗೂ ಅಲ್ಲ. ಅವತ್ತಿಂದ ಏನು ತಿಂದರೂ ಬಾಯಿಗೆ ಹೇಸಿಗಿ ಆಗ್ತದ ನನಗ, ನೀರು ಸೈತ.

ಈಗರ ಎದ್ದೇಳು.

…ಇದೇನು, ಫೋನ್ ಯಾಕ ಕೊಡ್ತಿ? ನನ್ನ ಕಡಿನೇ ಅದ ಫೋನು. ಇಲ್ಲಿ ಚೀಲದಾಗ… ತಡಿ. ಕನ್ನಡಕ ತಂದಿಲ್ಲ ನಾ, ಹೆಸರು ಕಾಣವಲ್ದು. ನೀನೇ ಹುಡುಕು. ಮಲ್ಲಿಕಾ ಅಂತ ಇರಬೇಕು. …ಹಚ್ಚಿದಿ? ಹಚ್ಚೇಬಿಟ್ಟೀ? ಅಲ್ಲೋ, ನಾ ಏನಂತ ಇನ್ನ ವಿಚಾರ ಮಾಡಿಲ್ಲ, ಕಟ್ ಮಾಡು, ನೋಮಾನ್…

ಹಲೋ.

ಹೂಂ. ನಾನೇ, ಅತ್ತಿ. …ಆರಾಮಿದ್ದೀನಿ. ಊಟ ಆತು. …ಇಲ್ಲ, ಮನ್ಯಾಗಿಲ್ಲ, ಕಪನೂರಕ್ಕ ಬಂದೀನಿ. ನೋಮಾನನ ಕಡಿ. ಆ ಕೊಳವಿ ತೊಗೊಂಡು.

ಮಲ್ಲಿಕಾ, ನಾಳಿ ನೀ ಏನೂ ಅನ್ನಬ್ಯಾಡ. ತಪ್ಪಾತು ಗಿಪ್ಪಾತು ಅಂತ ಏನೂ ಅನ್ನಬ್ಯಾಡ. ನಿಮ್ಮಪ್ಪಗೂ ಹೇಳು. ಬರದಾಕಿ ನಾನು, ನಾನೇ ಅಂತೀನಿ… ಆನಂದತೀರ್ಥ ಇರಲಿ, ಯಾರೇ ಇರಲಿ. …ಕೇಳಸ್ತೇನು?

ಮಲ್ಲಿಕಾ?

ನೋಮಾನ್, ಏನೂ ಆವಾಜ ಬರವಲ್ದು. ಇಟ್ಟುಬಿಟ್ಟಳೇನು ನೋಡು.

…ಇಟ್ಟಿಲ್ಲ? ಇದ್ದಾಳ?